ಹುಲ್ಲು ಮುಚ್ಚಿದ ಇಳಿದಾಣ, ಗಿಡದಲ್ಲೇ ಉಳಿದ ಕಾಫಿ

ತೋಟದಿಂದ ಕ್ಯೂರಿಂಗ್ ವರ್ಕ್ಸ್‌ವರೆಗಿನ ಲಾರಿ ಬಾಡಿಗೆಯ ಮಾತು ಬಾರದೆ ನಮ್ಮ ಬೆಳೆಗಾರರ ಸಭೆಯೊಂದು ಮುಗಿದದ್ದುಂಟೆ? ರಸ್ತೆ ಕೆಟ್ಟಿದೆ, ಮೋರಿ ಕುಸಿದಿದೆ, ಮಳೆ ಹಿಡಿಯುವ ಮುಂಚೆ ಮೂಟೆ ಇಳಿಸದಿದ್ದರೆ ಆಮೇಲೆ ಜೀಪು ಕೂಡ ಹತ್ತದು. ಇವು ನಾವೆಲ್ಲ ಆಡುವ, ಕೇಳುವ ಮಾತುಗಳೇ. ಈ ಸಲ ನಾವು ಓದುಗ ಬಾಂಧವರ ಮುಂದಿಡುತ್ತಿರುವುದು ಇದೇ ಚಿಂತೆಯನ್ನು ನಮಗಿಂತ ಎಷ್ಟೋ ಪಾಲು ಹೆಚ್ಚಾಗಿ ಹೊತ್ತ ಬೆಳೆಗಾರರ ವಿಷಯ. ಅವರ ಕಾಫಿಗೆ ರಸ್ತೆಯೇ ಇಲ್ಲ. ಇದ್ದದ್ದು ಕಾಡಿನ ನಡುವೆ ಒಂದು ವಿಮಾನದ ಇಳಿದಾಣ. ಅದನ್ನೂ ಹುಲ್ಲು ಮುಚ್ಚಿಕೊಂಡಿತು.

ನಾಡಿನ ಹೆಸರು ಪಾಪುವಾ ನ್ಯೂಗಿನಿ. ಆಸ್ಟ್ರೇಲಿಯದ ಉತ್ತರಕ್ಕೆ, ಸಮಭಾಜಕ ವೃತ್ತಕ್ಕೆ ಅಂಟಿಕೊಂಡಂತೆ ಇರುವ ದೊಡ್ಡ ದ್ವೀಪದ ಪೂರ್ವಾರ್ಧ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಸುಮಾರು ಎರಡೂವರೆಯಷ್ಟು. ಆಡುವ ಭಾಷೆಗಳು ಎಂಟುನೂರಕ್ಕೂ ಹೆಚ್ಚು. ನಡುವೆ ಬೆನ್ನುಮೂಳೆಯಂತೆ ಹಾದುಹೋಗುವ ಬೆಟ್ಟಸಾಲು, ಅದರ ಎರಡೂ ಮಗ್ಗುಲಿಗೆ ವರ್ಷವಿಡೀ ತೊಟ್ಟಿಕ್ಕುವ ಮಳೆಕಾಡು. ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಕಾಫಿ ಬೆಳೆಯುವ ಎತ್ತರದ ಸೀಮೆಗೆ ಹೋಗಲು ಇಂದಿಗೂ ಪಕ್ಕಾ ರಸ್ತೆ ಪೂರ್ತಿಯಾಗಿಲ್ಲ.

ಅಲ್ಲಿನ ಹುಲ್ಲು ಬೆಳೆದರೆ ನಮಗೇನು ಎಂದು ಸದಸ್ಯರು ಕೇಳಬಹುದು. ಅಲ್ಲಿಯೂ ಬೆಳೆಯುವುದು ಹೆಚ್ಚಾಗಿ ನಮ್ಮದೇ ಅರೇಬಿಕಾ. ಮಾರುವುದೂ ನಾವು ಮುಖ ನೋಡುವ ಅದೇ ನ್ಯೂಯಾರ್ಕಿನ ದರಕ್ಕೆ. ಬೆಳೆಯಲ್ಲಿ ಶೇಕಡ 85ರಷ್ಟು ಸಣ್ಣ ಹಿಡುವಳಿದಾರರದು. ಮನೆ ಹಿಂದೆ ಕೆಲವು ನೂರು ಗಿಡ, ಅಷ್ಟೆ. ನಮ್ಮಲ್ಲಿ ನೆರಳಿಗೆ ಹಾಲುವಾಣ, ಸಿಲ್ವರ್ ಓಕ್ ಇದ್ದಂತೆ ಅವರಲ್ಲಿ ಸರ್ವೆ ಮರ. ಕೊಯ್ಲು ಮಾತ್ರ ತಿರುವುಮುರುವು. ನಾವು ಹಣ್ಣು ಕೊಯ್ದು ಮುಗಿಸಿ ಹೂಮಳೆಗೆ ಮುಗಿಲು ನೋಡುವ ಏಪ್ರಿಲ್ ಹೊತ್ತಿಗೆ ಅವರ ಕೊಯ್ಲು ಶುರುವಾಗುತ್ತದೆ, ಸೆಪ್ಟೆಂಬರ್‌ವರೆಗೆ ನಡೆಯುತ್ತದೆ.

ಅಡಿಕೆಯವರಿಗೂ ಇಲ್ಲೊಂದು ಮಾತಿದೆ. ಆ ನಾಡಿನಲ್ಲಿ ಅಡಿಕೆ ಅಗಿಯದ ಊರು ಅಪರೂಪ. ಅಡಿಕೆಗೆ ಅವರ ಹೆಸರು ಬುವಾಯಿ. ಚಾಲಿಯೂ ಇಲ್ಲ, ಬೇಯಿಸಿದ ಕೆಂಪಡಿಕೆಯೂ ಇಲ್ಲ. ಹಸಿ ಕಾಯಿಯನ್ನೇ ಸುಲಿದು, ವೀಳ್ಯದ ಎಲೆಯ ಬದಲು ಆ ಬಳ್ಳಿ ಬಿಡುವ ಕಾಯಿಗೊನೆಯನ್ನು ಸುಣ್ಣದಲ್ಲಿ ಅದ್ದಿ ಜೊತೆಗೆ ಕಚ್ಚುತ್ತಾರೆ. ಕರಾವಳಿಯಲ್ಲಿ ಬೆಳೆದ ಅಡಿಕೆ ಲಾರಿಯಲ್ಲಿ ಬೆಟ್ಟ ಹತ್ತುತ್ತದೆ, ಬೆಟ್ಟದ ಕಾಫಿ ಕೆಳಗಿಳಿಯುತ್ತದೆ. ಉಗುಳಿನಿಂದ ಊರು ಕೆಂಪಾಯಿತೆಂದು 2013ರಲ್ಲಿ ರಾಜಧಾನಿಯಲ್ಲಿ ಅಡಿಕೆ ಮಾರಾಟಕ್ಕೆ ನಿಷೇಧ ಹಾಕಿದ್ದರು. ಕೆಲವೇ ವರ್ಷದಲ್ಲಿ ಸಡಿಲಿಸಬೇಕಾಯಿತು. ನಮಗೆ ಆಶ್ಚರ್ಯವಿಲ್ಲ.

ಚಿನ್ನಕ್ಕೆ ಬಂದ ವಿಮಾನ

ಆ ನಾಡಿಗೆ ಗಾಡಿಗಿಂತ ಮೊದಲು ವಿಮಾನ ಬಂತು ಎಂದರೆ ಬಹುಪಾಲು ಒಳನಾಡಿನ ಮಟ್ಟಿಗೆ ನಿಜವೇ. 1926ರಲ್ಲಿ ವಾವ್ ಎಂಬ ಕಣಿವೆಯ ಮೇಲ್ಗಡೆ ಎಡೀ ಕ್ರೀಕ್ ಹಳ್ಳದಲ್ಲಿ ಚಿನ್ನ ಸಿಕ್ಕಿತು. ಕಡಲ ದಂಡೆಯ ಸಲಮಾವುವಾದಿಂದ ಅಲ್ಲಿಗೆ ಕಾಡು ಬೆಟ್ಟ ಹತ್ತಿಳಿಯುವ ವಾರದ ಹಾದಿ. ಹೊರೆಯಾಳು ಹೊತ್ತ ಅಕ್ಕಿಯಲ್ಲಿ ದೊಡ್ಡ ಪಾಲು ದಾರಿಯಲ್ಲಿ ಅವನ ಹೊಟ್ಟೆಗೇ ಬೇಕು. ಗಣಿಗೆ ತಲುಪುವುದೆಷ್ಟು? 1927ರಲ್ಲಿ ಗಿನಿ ಏರ್‌ವೇಸ್ ಎಂಬ ಸಣ್ಣ ಕಂಪನಿ ಲಾಯೆ ಬಂದರಿನಿಂದ ವಾವ್‌ಗೆ ವಿಮಾನ ಹಾರಿಸಿತು. ವಾರದ ಹಾದಿ ಒಂದು ಗಂಟೆಯೊಳಗಿನದಾಯಿತು. 1930ರ ದಶಕದಲ್ಲಿ ಪಕ್ಕದ ಬುಲೋಲೊ ಹೊಳೆಯ ಮರಳಿನಿಂದ ಚಿನ್ನ ತೆಗೆಯಲು ಡ್ರೆಜ್ಜರ್ ಎಂಬ ತೇಲುವ ಯಂತ್ರಗಳನ್ನು, ಒಂದಲ್ಲ ಎಂಟನ್ನು, ಬಿಡಿಬಿಡಿಯಾಗಿ ಬಿಚ್ಚಿ ಜರ್ಮನಿಯ ಯುಂಕರ್ಸ್ ವಿಮಾನಗಳಲ್ಲಿ ತುಂಬಿ ಹೊತ್ತು ತಂದರು. ಒಂದೊಂದು ಬಿಡಿಭಾಗ ಮೂರು ಟನ್ನಿನವರೆಗೆ ತೂಗುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಇನ್ನೂ ಎತ್ತಿನ ಗಾಡಿಯ ಮೇಲೆ ಕಾಫಿ ಇಳಿಯುತ್ತಿದ್ದ ಕಾಲ ಅದು.

1933ರಲ್ಲಿ ಚಿನ್ನ ಹುಡುಕುವ ಲೇಹಿ ಸಹೋದರರೂ ಸರಕಾರದ ಅಧಿಕಾರಿ ಜಿಮ್ ಟೇಲರ್ ಅವರೂ ವಾಗಿ ಕಣಿವೆಗೆ ಕಾಲ್ನಡೆಯಲ್ಲಿ ಹೋದರು. ಹೊರಗಿನವರಿಗೆ ಅಲ್ಲಿಯವರೆಗೆ ಅಲ್ಲಿ ಜನವಿದ್ದಾರೆಂಬುದೇ ಸರಿಯಾಗಿ ತಿಳಿದಿರಲಿಲ್ಲ. ನೋಡಿದರೆ ಕಣಿವೆ ತುಂಬ ಅಚ್ಚುಕಟ್ಟಾದ ಗೆಣಸಿನ ಪಾತಿಗಳು. ಮೌಂಟ್ ಹೇಗನ್ ಬಳಿ ಇಳಿದಾಣ ಮಾಡುವಾಗ ನೆಲ ಗಟ್ಟಿ ಮಾಡಲು ರೋಲರ್ ಎಲ್ಲಿಂದ ಬರಬೇಕು? ನೂರಾರು ಜನ ಸಾಲುಗಟ್ಟಿ, ತೋಳಿಗೆ ತೋಳು ಸೇರಿಸಿ, ಹಾಡುತ್ತ ಕುಣಿಯುತ್ತ ತುಳಿದು ಗಟ್ಟಿ ಮಾಡಿದರು. ಅದರ ಚಲನಚಿತ್ರ ಇಂದಿಗೂ ಉಳಿದಿದೆ. ಇಳಿದ ವಿಮಾನಗಳು ತಂದ ಮುಖ್ಯ ಸರಕು ಏನೆಂದರೆ ಕಡಲ ಚಿಪ್ಪು. ಆ ಬೆಟ್ಟದವರಿಗೆ ಚಿಪ್ಪೇ ನಾಣ್ಯ, ಚಿಪ್ಪೇ ಒಡವೆ. ವಿಮಾನ ತಂದು ಸುರಿದಂತೆಲ್ಲ ಚಿಪ್ಪಿನ ಬೆಲೆ ಇಳಿಯಿತು, ಹಂದಿಯ ಬೆಲೆ ಏರಿತು. ದೇಶ 1975ರಲ್ಲಿ ಸ್ವತಂತ್ರವಾದಾಗ ತನ್ನ ಹಣಕ್ಕೆ ಆ ಚಿಪ್ಪಿನ ಹೆಸರನ್ನೇ, ಕಿನಾ ಎಂದು, ಇಟ್ಟುಕೊಂಡಿತು.

ಎರಡನೆಯ ಮಹಾಯುದ್ಧದಲ್ಲಿ ವಾವ್‌ನ ಇಳಿದಾಣಕ್ಕೆ ಬೇರೆಯೇ ಖ್ಯಾತಿ ಬಂತು. ಅದು ಇಳಿಜಾರಿನ ಮೇಲಿನ ಪಟ್ಟಿ. ಉದ್ದ ಸುಮಾರು ಒಂದು ಕಿಲೋಮೀಟರು, ಹತ್ತು ಹನ್ನೆರಡು ಅಡಿಗೆ ಒಂದು ಅಡಿಯಂತೆ ಏರು. ವಿಮಾನ ಇಳಿಯುವುದು ಏರು ಮುಖವಾಗಿ, ಹಾರುವುದು ಇಳಿಮುಖವಾಗಿ. ಬೇರೆ ದಿಕ್ಕೇ ಇಲ್ಲ. 1943ರ ಜನವರಿ 29ರಂದು ಜಪಾನಿ ಸೈನ್ಯ ಪಟ್ಟಿಯ ಹತ್ತಿರಕ್ಕೆ ಬಂದಿದ್ದಾಗ ಡಕೋಟ ವಿಮಾನಗಳು ಗುಂಡಿನ ನಡುವೆಯೇ ಒಂದರ ಹಿಂದೊಂದು ಇಳಿದು ಆಸ್ಟ್ರೇಲಿಯದ ಸೈನಿಕರನ್ನು ಇಳಿಸಿದವು. ವಾವ್ ಉಳಿಯಿತು.

ಯುದ್ಧಕಾಲದಲ್ಲೇ ಲಾಯೆಯ ಕಡೆಯಿಂದ ವಾವ್‌ಗೆ ರಸ್ತೆ ಕಡಿದರು. ಮುಂದೆ ಆ ಕಣಿವೆಯ ಚಿನ್ನವೂ ಕಾಫಿಯೂ ಮರವೂ ಲಾರಿ ಹತ್ತಿದವು. ರಸ್ತೆ ಬಂದ ಮೇಲೆ ಇಳಿದಾಣ ಯಾರಿಗೆ ಬೇಕು? ನಿಧಾನವಾಗಿ ಅದು ಕೆಲಸ ಕಳೆದುಕೊಂಡಿತು. ಯುದ್ಧದಲ್ಲಿ ನಾಶವಾದ ಸಲಮಾವುವಾ ಮತ್ತೆ ಪಟ್ಟಣವಾಗಿ ಏಳಲೇ ಇಲ್ಲ, ಅಲ್ಲಿನ ಪಟ್ಟಿಯೂ ಹಾಳುಬಿತ್ತು. ಲಾಯೆಯ ಹಳೆಯ ಪಟ್ಟಿಯನ್ನು 1980ರ ದಶಕದಲ್ಲಿ ಮುಚ್ಚಿ ಊರ ಹೊರಗಿನ ನಾದ್ಸಾಬ್‌ಗೆ ವಿಮಾನಗಳನ್ನು ಕಳಿಸಿದರು. ಈ ಬಗೆಯ ಹಾಳು ಇಳಿದಾಣ ಕಂಡರೆ ಮರುಕಪಡಬೇಕಾದದ್ದೇನೂ ಇಲ್ಲವೆಂದು ನಮ್ಮ ಅಭಿಪ್ರಾಯ. ಸೇತುವೆ ಆದ ಮೇಲೆ ದೋಣಿಗಡ ಪಾಳುಬಿದ್ದ ಹಾಗೆ.

ನಾವು ಹೇಳಹೊರಟದ್ದು ಇನ್ನೊಂದು ಬಗೆಯದು. ರಸ್ತೆಯೂ ಬರಲಿಲ್ಲ, ಇಳಿದಾಣವೂ ಉಳಿಯಲಿಲ್ಲ.

ಮೂಟೆಗೆ ರೆಕ್ಕೆ

ಯುದ್ಧದ ತರುವಾಯ ಬೆಟ್ಟದ ಒಳಗೊಳಗೆ ನೂರಾರು ಸಣ್ಣ ಇಳಿದಾಣಗಳು ಹುಟ್ಟಿದವು. ಕೆಲವನ್ನು ಕಿಯಾಪ್ ಎಂದು ಕರೆಯುತ್ತಿದ್ದ ಆಸ್ಟ್ರೇಲಿಯದ ಗಸ್ತು ಅಧಿಕಾರಿಗಳು ಮಾಡಿಸಿದರು, ಕೆಲವನ್ನು ಕ್ರೈಸ್ತ ಮಿಷನ್ನಿನವರು. ಮಿಷನ್ ಏವಿಯೇಷನ್ ಫೆಲೋಷಿಪ್ ಎಂಬ ಸಂಸ್ಥೆ 1951ರಲ್ಲಿ ಅಲ್ಲಿ ಹಾರಾಟ ಆರಂಭಿಸಿ ಈಗಲೂ ನಡೆಸುತ್ತಿದೆ. ಅಧಿಕಾರಿ ಯಾರೇ ಇರಲಿ, ನೆಲ ಅಗೆದವರು, ಬೇರು ಕಿತ್ತವರು ಊರ ಜನ. ಗುದ್ದಲಿ ಮತ್ತು ಕೈ, ಇಷ್ಟೇ ಸಲಕರಣೆ.

1950ರ ದಶಕದಲ್ಲಿ ಆ ಜನರ ಕೈಗೆ ಕಾಫಿ ಗಿಡ ಬಂತು. ಲಾಯೆಯಿಂದ ಮೇಲೇರುವ ಹೆದ್ದಾರಿ 1960ರ ದಶಕದಲ್ಲಿ ತೆರೆಯುವವರೆಗೆ ಗೊರೋಕದಂಥ ದೊಡ್ಡ ಊರಿನ ಕಾಫಿಯೂ ವಿಮಾನದಲ್ಲೇ ಕೆಳಗಿಳಿಯುತ್ತಿತ್ತು. ಹೆದ್ದಾರಿಯ ಆಸುಪಾಸಿನವರು ಆಮೇಲೆ ಲಾರಿ ಕಂಡರು. ಸಿಂಬಾಯ್, ಮರವಾಕ, ಕರಿಮುಯಿಯಂಥ ದೂರದ ಕಣಿವೆಗಳಿಗೆ ವಿಮಾನವೇ ಗತಿಯಾಗಿ ಉಳಿಯಿತು.

ವಿಮಾನಕ್ಕೆ ಹಾಕುವ ಸರಕೆಂದರೆ ಪ್ರತಿ ಕಿಲೋಗೂ ಲೆಕ್ಕ. ಐದು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಪಾರ್ಚ್‌ಮೆಂಟ್ ಎಂಬುದನ್ನು ನಮ್ಮ ಬೆಳೆಗಾರರು ಬಲ್ಲರು. ಆದ್ದರಿಂದ ಹಣ್ಣು ಸಾಗಿಸುವ ಮಾತೇ ಇಲ್ಲ. ಪ್ರತಿ ಮನೆಯಲ್ಲೂ ಕೈ ಪಲ್ಪರ್, ಇಲ್ಲವೆ ನೆರೆಯವನದು. ಹಳ್ಳದ ನೀರಿನಲ್ಲಿ ತೊಳೆದು ಟಾರ್ಪಾಲಿನ ಮೇಲೆ ಒಣಗಿಸಿ ಪಾರ್ಚ್‌ಮೆಂಟ್ ಮಾಡಿಯೇ ಇಳಿದಾಣಕ್ಕೆ ತರುತ್ತಾರೆ. ಆ ಸಿಪ್ಪೆಯನ್ನೂ ಅಲ್ಲೇ ತೆಗೆದರೆ ಇನ್ನೂ ಶೇಕಡ 20ರಷ್ಟು ತೂಕ ಉಳಿಯುವುದಲ್ಲವೆ ಎಂದು ಯಾರಿಗಾದರೂ ತೋಚುತ್ತದೆ. ಆದರೆ ಸಿಪ್ಪೆ ಬಿಟ್ಟ ಬೀಜ ಆ ಮಳೆಸೀಮೆಯ ತೇವಕ್ಕೆ ಬೇಗ ಬಣ್ಣಗೆಡುತ್ತದೆ. ಹೀಗಾಗಿ ಸಿಪ್ಪೆಗೂ ಬಾಡಿಗೆ ಕೊಟ್ಟೇ ಹಾರಿಸಬೇಕು.

ಒಂದು ಇಂಜಿನ್ನಿನ ಸಣ್ಣ ಸೆಸ್ನಾ ವಿಮಾನ ಹೊರುವುದು ಹೆಚ್ಚೆಂದರೆ ನಾಲ್ಕೈದು ನೂರು ಕಿಲೋ. 50 ಕಿಲೋ ಮೂಟೆಯ ಲೆಕ್ಕದಲ್ಲಿ ಎಂಟು ಹತ್ತು ಮೂಟೆ. ದೊಡ್ಡದಾದ ಕ್ಯಾರವಾನ್, ಟ್ವಿನ್ ಆಟರ್ ಬಗೆಯವು ಟನ್ನಿನ ಆಸುಪಾಸು. ಅದೂ ಪಟ್ಟಿ ಒಣಗಿದ್ದರೆ, ಉದ್ದವಿದ್ದರೆ. ಎತ್ತರದ ತೆಳು ಗಾಳಿಯಲ್ಲಿ ರೆಕ್ಕೆಗೆ ಆಸರೆ ಕಡಿಮೆ, ಒದ್ದೆ ಹುಲ್ಲಿನಲ್ಲಿ ಗಾಲಿಗೆ ಓಟ ಕಡಿಮೆ. ಎರಡಕ್ಕೂ ದಂಡ ತೆರುವುದು ಮೂಟೆಯೇ. ಹೊತ್ತು ಏರಿದಂತೆ ಕಣಿವೆಯ ಬಾಯಿಗೆ ಮೋಡ ಕಟ್ಟುವುದರಿಂದ ಹಾರಾಟವೆಲ್ಲ ಬಹುಮಟ್ಟಿಗೆ ಬೆಳಗಿನ ಕೆಲಸ.

ಬಾಡಿಗೆಯ ಗುಟ್ಟು ಇನ್ನೊಂದಿದೆ. ನಮ್ಮ ಲಾರಿ ಮಾಲೀಕರು ಕೇಳುವ ಮೊದಲ ಪ್ರಶ್ನೆಯೇ ಅಲ್ಲಿಯೂ: ವಾಪಸ್ ಲೋಡು ಇದೆಯೆ? ಬರುವಾಗ ಅಕ್ಕಿ, ಉಪ್ಪು, ಸೋಪು, ತಗಡು, ಔಷಧ, ಶಾಲೆಯ ಮಾಸ್ತರರು, ಹೋಗುವಾಗ ಕಾಫಿ. ಎರಡೂ ಕಡೆ ತುಂಬಿದರೆ ವಿಮಾನ ಬರುತ್ತದೆ. ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆಯ ಸರಕು ಎರಡರ ಖರ್ಚನ್ನೂ ಹೊರಬೇಕು. ಕಾಫಿ ನಿಂತರೆ ಅಂಗಡಿಯ ಅಕ್ಕಿ ದುಬಾರಿಯಾಗುವುದು, ಆಮೇಲೆ ಔಷಧವೂ ತಡವಾಗುವುದು ಹೀಗೆ. ಕಷ್ಟದ ಹೆರಿಗೆಯ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವ ವಿಮಾನಕ್ಕೂ ಬೇಕಾದದ್ದು ಅದೇ ಪಟ್ಟಿ.

ಈ ಲೆಕ್ಕದಲ್ಲಿ ಬೆಲೆಯ ಏರಿಳಿತವನ್ನು ಇಟ್ಟು ನೋಡಿ. 1975ರ ಜುಲೈನಲ್ಲಿ ಬ್ರೆಜಿಲ್ಲಿನ ಪರಾನಾದಲ್ಲಿ ಹಿಮ ಬಿದ್ದು ತೋಟಗಳು ಕರಕಾದಾಗ ಕಾಫಿಗೆ ಬಂದ ಬೆಲೆಯನ್ನು ನಮ್ಮ ಹಿರಿಯ ಸದಸ್ಯರು ಮರೆತಿರಲಾರರು. ಪಾಪುವಾದ ಬೆಟ್ಟಗಳಲ್ಲೂ ಅದೇ ಸುಗ್ಗಿ. ಬಾಡಿಗೆ ಎಷ್ಟಾದರೂ ಕಾಫಿ ತಡೆದುಕೊಳ್ಳುತ್ತಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು, ಬೆಲೆ ಕುಸಿಯಿತು. ಬೆಲೆ ಅರ್ಧವಾದರೆ ವಿಮಾನದ ಪೆಟ್ರೋಲು ಅರ್ಧವಾಗುತ್ತದೆಯೆ? ರಸ್ತೆ ಬದಿಯ ಬೆಳೆಗಾರನಿಗೆ ಲಾಭ ತಗ್ಗಿತು. ಇಳಿದಾಣದ ಬೆಳೆಗಾರನಿಗೆ ಬಾಡಿಗೆ ಕಳೆದರೆ ಕೈಗೆ ಬರುವುದೇ ಇಲ್ಲವೆಂಬಂತಾಯಿತು. 1993ರಲ್ಲಿ, ಗೊರೋಕದಲ್ಲಿ ನೆಲೆ ಮಾಡಿಕೊಂಡು ಇಂಥ ಮೂಲೆಯ ಪಟ್ಟಿಗಳಿಗೆಲ್ಲ ಹಾರುತ್ತಿದ್ದ ಟ್ಯಾಲೇರ್ ಎಂಬ ದೊಡ್ಡ ವಿಮಾನ ಕಂಪನಿ ಬಾಗಿಲು ಹಾಕಿತು. 2001ರ ಹೊತ್ತಿಗೆ ಕಾಫಿ ದರ ಇನ್ನೂ ಪಾತಾಳಕ್ಕೆ ಹೋಯಿತು; ನಮ್ಮಲ್ಲೂ ಆ ವರ್ಷಗಳಲ್ಲಿ ಕೆಲಸದಾಳಿನ ಕೂಲಿ ಹುಟ್ಟದ ತೋಟಗಳೆಷ್ಟು!

ಮುಚ್ಚುವ ಬಗೆ

ಇಳಿದಾಣವನ್ನು ಯಾರೂ ಒಂದು ದಿನ ಬೀಗ ಹಾಕಿ ಮುಚ್ಚುವುದಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ವಿಮಾನ ತಿಂಗಳಿಗೊಮ್ಮೆ ಆಗುತ್ತದೆ. ತಿಂಗಳಿಗೊಮ್ಮೆ ಬರುವ ವಿಮಾನಕ್ಕಾಗಿ ವಾರವಾರ ಹುಲ್ಲು ಕೊಯ್ಯುವವರು ಯಾರು? ಅಲ್ಲಿನ ಕುನೈ ಹುಲ್ಲು ನಮ್ಮ ಗುಡ್ಡದ ಕರಡದಂಥದು, ಬಿಟ್ಟರೆ ಆಳೆತ್ತರ. ಹುಲ್ಲಿನೊಳಗೆ ಹಂದಿಗಳು ಗೆಡ್ಡೆ ಹುಡುಕುತ್ತ ನೆಲ ಕೆದಕುತ್ತವೆ. ಇಳಿಜಾರಿನ ಪಟ್ಟಿಯಾದ್ದರಿಂದ ಮಳೆನೀರು ಬದಿಯ ಚರಂಡಿ ಬಿಟ್ಟು ನಡುವೆಯೇ ಕೊರಕಲು ಮಾಡುತ್ತದೆ. ಕಾಫಿ ತೋಟದಲ್ಲಿ ಚರಂಡಿ ಒಂದು ಮಳೆಗಾಲ ಬಿಡಿಸದೆ ಬಿಟ್ಟರೆ ಏನಾಗುವುದೆಂದು ನಮಗೆ ಹೇಳಬೇಕಾಗಿಲ್ಲ. ಅಂಚಿಗೆ ಇಟ್ಟ ಬಿಳಿಯ ಗುರುತುಗಳು ಹುಲ್ಲಿನಲ್ಲಿ ಮುಳುಗುತ್ತವೆ, ಗಾಳಿಚೀಲ ಕೊಳೆತು ಹರಿಯುತ್ತದೆ, ಪಟ್ಟಿಯ ತುದಿಯಲ್ಲಿ ಸರ್ವೆ ಮರ ಎದ್ದು ನಿಲ್ಲುತ್ತದೆ. ಒಂದು ಬೆಳಿಗ್ಗೆ ಪೈಲಟ್ ಮೇಲೆ ಎರಡು ಸುತ್ತು ಹಾಕಿ, ಕೆಳಗೆ ಮೂಟೆಗಳೊಡನೆ ಕಾದ ಜನರನ್ನು ನೋಡಿ, ಇಳಿಯದೆ ಹೊರಟುಹೋಗುತ್ತಾನೆ. ಅವನದು ತಪ್ಪೆನ್ನಲಾಗದು.

ಇದರ ಮೇಲೆ ನೆಲದ ತಕರಾರು. ಆ ದೇಶದ ಶೇಕಡ 97ರಷ್ಟು ಭೂಮಿ ಕುಲದವರ ಪಾರಂಪರಿಕ ಒಡೆತನದ್ದು. ಪಟ್ಟಿಯ ಕೆಳತುದಿ ಒಂದು ಕುಲದ್ದು, ಮೇಲ್ತುದಿ ಇನ್ನೊಂದರದು ಆಗಿರಬಹುದು. ಅಜ್ಜಂದಿರು ಹಾಡಿ ತುಳಿದು ಕೊಟ್ಟ ನೆಲಕ್ಕೆ ಮೊಮ್ಮಕ್ಕಳು ಪರಿಹಾರ ಕೇಳುತ್ತಾರೆ, ಅದು ತೀರುವವರೆಗೆ ಕತ್ತಿ ಮುಟ್ಟುವುದಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಗಸ್ತು ಅಧಿಕಾರಿ ಬಂದು ಹುಲ್ಲು ಕೊಯ್ಯಿಸುತ್ತಿದ್ದ. ಆಮೇಲೆ ಹೊಣೆ ಪ್ರಾಂತ ಸರಕಾರಗಳ ಪಾಲಿಗೆ ಬಂತು. ಕಾಗದದ ಹೊಣೆಗೆ ಹುಲ್ಲು ಹೆದರಲಿಲ್ಲ. ಮಲೆನಾಡಿನ ಕಾಲುಸಂಕಗಳ ಸಂಗತಿ ಬಲ್ಲವರಿಗೆ ಇದು ಹೊಸದಲ್ಲ: ಎಲ್ಲರೂ ದಾಟುವ ಸಂಕಕ್ಕೆ ಹೊಸ ಅಡಿಕೆ ದಬ್ಬೆ ಹಾಕಿಸುವವರು ಯಾರು?

ಇಳಿದಾಣ ಹೋದ ಮೇಲೆ ಉಳಿಯುವುದು ಬೆನ್ನು. ಗಂಡಸರು ಹೆಗಲ ಮೇಲೆ, ಹೆಂಗಸರು ಬಿಲುಮ್ ಎಂಬ ಹೆಣೆದ ಚೀಲವನ್ನು ಹಣೆಗೆ ತೂಗುಹಾಕಿಕೊಂಡು, ರಸ್ತೆಯ ತುದಿ ಸಿಗುವವರೆಗೆ ಒಂದು ದಿನ, ಎರಡು ದಿನ ನಡೆಯುತ್ತಾರೆ. ನಡುವೆ ಹೊಳೆಗಳಿವೆ, ಮಳೆ ಇದೆ. ಒಣಗಿಸಿದ್ದ ಪಾರ್ಚ್‌ಮೆಂಟ್ ದಾರಿಯಲ್ಲಿ ಮತ್ತೆ ತೇವ ಕುಡಿದು ಮುಗ್ಗುತ್ತದೆ. ರಸ್ತೆಯ ತುದಿಯಲ್ಲಿ ಕೂತ ವ್ಯಾಪಾರಿಗೆ ಗೊತ್ತು, ಇವರು ಮೂಟೆಯನ್ನು ಹೊತ್ತುಕೊಂಡು ವಾಪಸು ಹೋಗುವವರಲ್ಲ ಎಂದು. ಅವನು ಹೇಳಿದ್ದೇ ದರ. ಒಂದೆರಡು ವರ್ಷ ಹೀಗೆ ನಡೆದು ನೋಡಿದವರು ಗಿಡದ ಹಣ್ಣನ್ನು ಗಿಡಕ್ಕೇ ಬಿಟ್ಟು ಗೆಣಸಿನ ಕಡೆ ತಿರುಗುತ್ತಾರೆ.

ಗಿಡಕ್ಕೇ ಬಿಟ್ಟ ಹಣ್ಣು ಎಂದ ಕೂಡಲೆ ನಮ್ಮವರಿಗೆ ನೆನಪಾಗಬೇಕಾದದ್ದು ಬೆರ್ರಿ ಬೋರರ್. ಅದು ನಮ್ಮ ದೇಶದಲ್ಲಿ 1990ರಲ್ಲಿ ಗೂಡಲೂರಿನ ಕಡೆ ಕಂಡು ಕೊಡಗಿಗೆ ಬಂತು. ಕೊಯ್ಲಾದ ಮೇಲೆ ಗಿಡದಲ್ಲಿ ನೆಲದಲ್ಲಿ ಒಂದು ಕಾಯಿಯನ್ನೂ ಉಳಿಸಬೇಡಿ ಎಂದು ಕಾಫಿ ಮಂಡಳಿಯವರು ಹೇಳಿ ಹೇಳಿ ನಮಗೆ ಬಾಯಿಪಾಠವಾಗಿದೆ. ಪಾಪುವಾ ನ್ಯೂಗಿನಿಗೆ ಎಲೆಚುಕ್ಕೆ ತುಕ್ಕು ರೋಗ 1986ರಲ್ಲಿ ತಗಲಿತು, ಬೋರರ್ ಪತ್ತೆಯಾದದ್ದು 2017ರಲ್ಲಿ. ದಾರಿಯಿಲ್ಲದ ಕಣಿವೆಗೆ ಅದು ತಡವಾಗಿ ತಲುಪೀತು, ನಿಜ. ಮೂಟೆ ಓಡಾಡದ ಕಡೆ ಹುಳುವೂ ಓಡಾಡದು. ಆದರೆ ಒಮ್ಮೆ ತಲುಪಿದರೆ, ಕೊಯ್ಯುವವರಿಲ್ಲದ ಆ ತೋಟಗಳಿಗಿಂತ ಒಳ್ಳೆಯ ತವರು ಹುಳುವಿಗೆ ಬೇರೆ ಬೇಡ.

ಅಲ್ಲಿನ ಸರಕಾರದ ಕಾಫಿ ನಿಗಮವು ದೂರದ ಕಣಿವೆಗಳ ಕಾಫಿಯ ವಿಮಾನ ಬಾಡಿಗೆಗೆ ನೆರವು ಕೊಡುವ ಯೋಜನೆ ನಡೆಸುತ್ತ ಬಂದಿದೆ. ನೆರವು ಒಳ್ಳೆಯದೇ. ಆದರೆ ಬಾಡಿಗೆಗೆ ಹಣ ಮಂಜೂರಾದ ವರ್ಷ ಪಟ್ಟಿಯೇ ಮುಚ್ಚಿದ್ದರೆ ಆ ಹಣ ಹಾರುವುದೆಲ್ಲಿಂದ? ಇದಕ್ಕಿಂತ ನಮ್ಮ ಮನಸ್ಸಿಗೆ ಬಂದದ್ದು ಗ್ರಾಮೀಣ ಇಳಿದಾಣಗಳಿಗೆಂದೇ ಹುಟ್ಟಿದ ಒಂದು ಸಂಸ್ಥೆಯ ಕೆಲಸ. ಅವರು ಆಯಾ ಊರಿನವರಿಗೇ ಹುಲ್ಲು ಕೊಯ್ಯುವ ಗುತ್ತಿಗೆ ಕೊಡುತ್ತಾರೆ, ಯಂತ್ರ ಕೊಡುತ್ತಾರೆ, ಚರಂಡಿ ತೆಗೆಯುವುದನ್ನೂ ಗುರುತು ನೆಡುವುದನ್ನೂ ಕಲಿಸುತ್ತಾರೆ. ಖರ್ಚು ಪೆಟ್ರೋಲು ಮತ್ತು ಕೂಲಿಯದು. ಒಂದು ಮೈಲಿ ಬೆಟ್ಟದ ರಸ್ತೆಯ ಖರ್ಚಿನ ಮುಂದೆ ಅದು ಏನೂ ಅಲ್ಲ.

2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರು ದಾಟಿತು. 1975ರ ಹಿಮದ ಕಾಲದಂತೆ ಎಂಥ ಬಾಡಿಗೆಯನ್ನೂ ಕಾಫಿ ಹೊರಬಲ್ಲ ದರವದು. ಪಟ್ಟಿ ಉಳಿಸಿಕೊಂಡ ಕಣಿವೆಯವರು ಮೂಟೆ ಕಟ್ಟಿ ವಿಮಾನ ಕರೆಯಬಲ್ಲರು. ಪಟ್ಟಿ ಕಳೆದುಕೊಂಡವರು ಮೊದಲು ಹುಲ್ಲಿನ ಬುಡಕ್ಕೆ ಕತ್ತಿ ಹಾಕಬೇಕು. ಆಮೇಲೆ ಬೇರು ಕೀಳಬೇಕು, ಕೊರಕಲಿಗೆ ಮಣ್ಣು ತುಂಬಿ ತುಳಿಯಬೇಕು, ತುದಿಯ ಮರ ಕಡಿಯಬೇಕು. ಅದರ ಹಿಂದೆ ತಿಳಿದವರೊಬ್ಬರು ಕಾಲ್ನಡೆಯಲ್ಲಿ ಬಂದು ಪಟ್ಟಿಯ ಉದ್ದಗಲ, ಏರು, ಮೆತ್ತಗಿನ ಜಾಗ ಅಳೆದು ಬರೆದುಕೊಳ್ಳಬೇಕು. ಮೊದಲ ವಿಮಾನ ಹಗುರವಾಗಿ ಬಂದು ಇಳಿದು ನೋಡುತ್ತದೆ. ಅದು ಕೊಂಡೊಯ್ಯುವುದು ಕೆಲವೇ ಮೂಟೆ, ಆ ದಿನ ಮುಂದೆ ನಿಂತವರದ್ದು ಯಾರದೋ.